ಈ ವಾರ ಪೊರಕೆ ಯಾರ ಪಾಳಿ?

ಪುಟಾಣಿಗಳೇ, ಮೊಮ್ಮಕ್ಕಳ ಕೈಲಿ ಓದಿಸಿ ಕೇಳುತ್ತಿರುವ ಅಜ್ಜ-ಅಜ್ಜಿಯರೇ,

ವಿದೇಶಕ್ಕೆ ಹೋಗಿಬಂದವರು ದೊಡ್ಡ ಗೋಪುರ, ಉದ್ದನೆಯ ಸೇತುವೆ, ಹಿಮದ ಬೆಟ್ಟಗಳ ಕತೆ ಹೇಳುತ್ತಾರೆ. ನಾನು ಹೇಳಹೊರಟಿರುವುದು ಪೊರಕೆ, ಕಸದ ಬುಟ್ಟಿ ಮತ್ತು ಒಗ್ಗರಣೆ ಸೌಟಿನ ಕತೆ. ಮಗನ ಮನೆಗೆ ಹೋದ ನನ್ನ ವಯಸ್ಸಿನವರು ಗೋಪುರ ನೋಡುವುದು ಒಂದು ದಿನ, ಅಡುಗೆಮನೆ ನೋಡುವುದು ಉಳಿದ ಎಂಬತ್ತೊಂಬತ್ತು ದಿನ. ವೀಸಾ ಕೊಡುವುದೇ ತೊಂಬತ್ತು ದಿನಕ್ಕೆ ಅಲ್ಲವೇ!

ನಗುವ ವಿಷಯದಲ್ಲಿ ಹಾಸನ ಸೀಮೆಯವರಿಗೆ ಒಬ್ಬ ದೊಡ್ಡ ಹಿರಿಯರಿದ್ದಾರೆ. ಹಾಸನಕ್ಕೂ ಅರಕಲಗೂಡಿಗೂ ನಡುವೆ, ಹೇಮಾವತಿ ದಡದಲ್ಲಿರುವ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು. 1904ರಲ್ಲಿ ಹುಟ್ಟಿದವರು. ಹಳ್ಳಿಯ ಜನರ ಬಗ್ಗೆ ಬರೆದು ನಾಡನ್ನೆಲ್ಲ ನಗಿಸಿದ ಅವರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಹೆಸರನ್ನೇ ನೋಡಿ. ಅಮೆರಿಕಕ್ಕೆ ಹೋದದ್ದು ಒಬ್ಬ ಮನುಷ್ಯ ಮಾತ್ರ ಅಲ್ಲ, ಒಂದು ಊರೇ ಹೋಗಿದೆ! ನಾವು ಎಲ್ಲಿಗೆ ಹೋದರೂ ಊರು ಪೆಟ್ಟಿಗೆಯೊಳಗೆ ಮಡಿಸಿಕೊಂಡು ಬರುತ್ತದೆ.

ನಮ್ಮ ಪೆಟ್ಟಿಗೆಯೊಳಗೆ ಬಂದದ್ದು ನಾಲ್ಕು ಊರು. ನಾನು ಹುಟ್ಟಿದ್ದು ಹೊಳೆನರಸೀಪುರ, ಸೇರಿದ್ದು ಅರಕಲಗೂಡಿನ ಮನೆ, ಈಗ ಇರುವುದು ಹಾಸನ. ನಾದಿನಿಯನ್ನು ಕೊಟ್ಟಿರುವುದು ಚನ್ನರಾಯಪಟ್ಟಣಕ್ಕೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿರುವ ಮಗನ ಮನೆಗೆ ಹೊರಟಾಗ ನಾದಿನಿ ತನ್ನ ತೋಟದ ತೆಂಗಿನ ಗರಿಯಿಂದ ಕಡ್ಡಿಪೊರಕೆ ಕಟ್ಟಿ ತಂದಳು. “ಅತ್ತಿಗೆ, ಅಲ್ಲಿ ಇಂಥದ್ದು ಸಿಗಲ್ವಂತೆ, ತಗೊಂಡ್ಹೋಗಿ” ಎಂದಳು. ನಮ್ಮ ಯಜಮಾನರಿಗೆ ಎಲ್ಲಿಲ್ಲದ ಸಿಟ್ಟು. “ಪೊರಕೆ ಹಿಡ್ಕೊಂಡು ವಿಮಾನ ಹತ್ತೋಕೆ ನಾನೇನು ಜಾಡಮಾಲಿಯಾ?” ಎಂದು ಅದನ್ನು ಅಟ್ಟಕ್ಕೆಸೆದರು. ಆ ಜಾಗಕ್ಕೆ ಎರಡು ಕೇಜಿ ರಾಗಿಹಿಟ್ಟು ಹೋಯಿತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೂರಿಗೆ ಅಂಟಿಸಿದ ಅತ್ತೆ

ಮೊದಲ ದಿನವೇ ಬಸ್ಸಾರು ಮಾಡೋಣವೆಂದು ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಚಟಪಟ ಅಂದಿತು. ಮರುಕ್ಷಣ ತಲೆಯ ಮೇಲೆ ಯಾರೋ ಕಿವಿ ಹರಿಯುವಂತೆ “ಕೀಂಯ್! ಕೀಂಯ್!” ಎಂದು ಕೂಗಲು ಶುರು. ಮಗ ಓಡಿಬಂದು ಕಿಟಕಿ ತೆಗೆದ. ಸೊಸೆ ಕುರ್ಚಿ ಹತ್ತಿದಳು. ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಸೂರಿಗೆ ಗಾಳಿ ಬೀಸತೊಡಗಿದರು, ದೇವರಿಗೆ ಚಾಮರ ಸೇವೆ ಮಾಡಿದ ಹಾಗೆ. ಹತ್ತು ವರ್ಷದ ಮೊಮ್ಮಗ ಮಾತ್ರ ಅಲ್ಲಾಡದೆ ಕೂತು, “ಅಜ್ಜಿ ಬಂದ್ರು ಅಂತ ಈಗ ಬಿಲ್ಡಿಂಗಿಗೆಲ್ಲ ಗೊತ್ತಾಯ್ತು” ಎಂದ.

ಅದು ಹೊಗೆ ಪತ್ತೆ ಹಚ್ಚುವ ಪುಟ್ಟ ಡಬ್ಬಿ. ಆ ಪ್ರಾಂತ್ಯದಲ್ಲಿ ಮಲಗುವ ಕೋಣೆಗೂ ಅಲ್ಲಿಂದ ಹೊರಗೆ ಹೋಗುವ ದಾರಿಗೂ ಅದು ಕಡ್ಡಾಯ. ಅಡುಗೆಮನೆ ಆ ದಾರಿಗೇ ತೆರೆದುಕೊಂಡಿದ್ದರಿಂದ ಒಗ್ಗರಣೆ ಸೀದಾ ಅಲ್ಲಿಗೇ ಹೋಗಿತ್ತು. ಮಕ್ಕಳೇ, ಅದು ಕೆಲಸ ಮಾಡುವ ರೀತಿ ಬಲು ಸೊಗಸು. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ದೀಪ, ಬೆಳಕನ್ನು ಗುರುತಿಸುವ ಒಂದು ಕಣ್ಣು. ದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳದ ಹಾಗೆ ಓರೆಯಾಗಿ ಕೂರಿಸಿರುತ್ತಾರೆ. ಹೊಗೆ ಒಳಗೆ ನುಗ್ಗಿದರೆ ಬೆಳಕು ಅದರ ಕಣಗಳಿಗೆ ತಾಗಿ ಚೆದುರಿ ಕಣ್ಣಿಗೆ ಬೀಳುತ್ತದೆ. ಆಗ ಕೂಗು. ಹೊಳೆನರಸೀಪುರದ ನಮ್ಮ ಹಳೆಯ ಅಡುಗೆಮನೆಯಲ್ಲಿ ಸೌದೆ ಒಲೆ ಇತ್ತು, ಹೆಂಚಿನ ನಡುವೆ ಗಾಜಿನ ಬೆಳಕಿಂಡಿ ಇತ್ತು. ಒಲೆ ಉರಿಯದಿದ್ದಾಗ ಬಿಸಿಲು ಬರಿದೇ ನೆಲದ ಮೇಲೆ ಬಿದ್ದಿರುತ್ತಿತ್ತು. ಹೊಗೆ ಎದ್ದ ಕೂಡಲೇ ಅದೇ ಬಿಸಿಲು ಸೂರಿನಿಂದ ನೆಲಕ್ಕೆ ಕೋಲು ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಡಬ್ಬಿಯೊಳಗೆ ನಡೆಯುವುದೂ ಅದೇ.

ಇಷ್ಟನ್ನು ಮೊಮ್ಮಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಯಜಮಾನರು ತಮ್ಮ ತೀರ್ಪು ಕೊಟ್ಟರು: “ನಮ್ಮ ಕಾಲದಲ್ಲಿ ಒಗ್ಗರಣೆ ಸೀದ್ರೆ ಕೂಗೋಕೆ ಅತ್ತೆ ಹಜಾರದಲ್ಲಿ ಕೂತಿರ್ತಿದ್ರು. ಇವರು ಸೂರಿಗೇ ಅಂಟಿಸಿಬಿಟ್ಟಿದಾರೆ!” ಅಂದಿನಿಂದ ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆದು, ಬಾಗಿಲು ಮುಚ್ಚಿ, “ಅತ್ತೆಮ್ಮಾ, ಅಪ್ಪಣೆಯೇ?” ಎಂದು ಕೇಳುವುದು ಆ ಮನೆಯ ವಾಡಿಕೆಯಾಯಿತು.

ಕಸಕ್ಕೊಂದು ತಾಲ್ಲೂಕು ಕಚೇರಿ

ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮನೆಯಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ. ಆದರೆ ಮಗನ ಮನೆಯ ಕಸದ ಬುಟ್ಟಿಗಳನ್ನು ನೋಡಿದೊಡನೆ ಅವರ ಮುಖ ಅರಳಿತು. ಕಾಗದಕ್ಕೊಂದು, ತರಕಾರಿ ಸಿಪ್ಪೆಗೊಂದು, ಪ್ಲಾಸ್ಟಿಕ್ಕು-ತಗಡಿಗೊಂದು, ಯಾವುದಕ್ಕೂ ಸೇರದ್ದಕ್ಕೊಂದು. ಗಾಜಿನ ಸೀಸೆಗಳಿಗೆ ಬೀದಿಯ ಕೊನೆಯಲ್ಲಿ ಬೇರೆ ಪೆಟ್ಟಿಗೆ, ಅಲ್ಲೂ ಬಿಳಿ, ಹಸಿರು, ಕಂದು ಎಂದು ಮೂರು ಜಾತಿ. ಭಾನುವಾರ ಅದರೊಳಗೆ ಸೀಸೆ ಎಸೆಯುವ ಹಾಗಿಲ್ಲ, ಸದ್ದಾದರೆ ಅಕ್ಕಪಕ್ಕದವರ ವಿಶ್ರಾಂತಿಗೆ ತೊಂದರೆ.

“ಇದು ಕಸ ಅಲ್ಲ, ಕಡತ!” ಎಂದು ಅವರು ಕನ್ನಡಕ ಏರಿಸಿಕೊಂಡು ಕೂತರು. ಒಂದು ಟೀ ಚೀಲ ಕೈಗೆ ಸಿಕ್ಕಿತು. ಒಳಗಿನ ಪುಡಿ ಸಿಪ್ಪೆಯ ವಿಭಾಗಕ್ಕೆ, ಬಾಲದ ಚೀಟಿ ಕಾಗದದ ವಿಭಾಗಕ್ಕೆ, ಪಿನ್ನು ತಗಡಿನ ವಿಭಾಗಕ್ಕೆ. “ದಾರ ಯಾವ ವಿಭಾಗಕ್ಕೆ?” ಎಂದು ಮಗನ ಆಫೀಸಿಗೇ ಫೋನು ಮಾಡಿದರು. ಅವನು ಮೀಟಿಂಗಿನಲ್ಲಿದ್ದನಂತೆ. ಮೂವತ್ತು ವರ್ಷದಲ್ಲಿ ಒಂದು ಅರ್ಜಿಯೂ ಅವರ ಮೇಜಿನಿಂದ ಇಷ್ಟು ಬೇಗ ವಿಲೇವಾರಿಯಾಗಿರಲಿಲ್ಲ ಎಂದು ನನಗೆ ಒಳಗೊಳಗೇ ನಗು.

ಅದಕ್ಕಿಂತ ಅವರಿಗೆ ಖುಷಿ ಕೊಟ್ಟದ್ದು ಖಾಲಿ ಬಾಟಲಿ. ಅಲ್ಲಿ ನೀರಿನ, ಪಾನಕದ ಪ್ಲಾಸ್ಟಿಕ್ ಬಾಟಲಿ ಕೊಳ್ಳುವಾಗ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಹಾಕಿದರೆ ದುಡ್ಡು ವಾಪಸ್ಸು. “ಗೋಲಿಸೋಡಾ ಬಾಟ್ಲಿ ಡಿಪಾಜಿಟ್ಟು ಕಣೇ!” ಎಂದು ಯಜಮಾನರು ಮೊಮ್ಮಗನ ಜೊತೆ ವಾರಕ್ಕೆರಡು ಸಲ ಚೀಲ ಹಿಡಿದು ಹೊರಟೇಬಿಡುತ್ತಿದ್ದರು.

ಹಾಗೆ ನೋಡಿದರೆ ಕಸ ಬೇರ್ಪಡಿಸುವುದು ನಮ್ಮ ಹಳೆಯ ಮನೆಗಳಿಗೆ ಹೊಸದಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿಗೆ, ಅದು ಹಸುವಿಗೆ. ಸಗಣಿ, ಗುಡಿಸಿದ ಕಸ ತಿಪ್ಪೆಗೆ. ಕಾಗದದ ಚೂರು ಹಂಡೆ ಒಲೆಗೆ, ಒಲೆಯ ಬೂದಿ ಪಾತ್ರೆ ಉಜ್ಜಲು, ತೆಂಗಿನ ನಾರು ಉಜ್ಜುವ ಕೈಗೆ. ಹರಕು ಬಟ್ಟೆ ಕೌದಿಗೆ, ಒಡಕು ಪಾತ್ರೆ ಗುಜರಿಯವನಿಗೆ. ಇಷ್ಟೂ ವಿಭಾಗಗಳನ್ನು ನಡೆಸುತ್ತಿದ್ದ ಅಧಿಕಾರಿಣಿ ಒಬ್ಬಳೇ. ಅವಳಿಗೆ ಸಂಬಳವೂ ಇರಲಿಲ್ಲ, ನಿವೃತ್ತಿಯೂ ಇರಲಿಲ್ಲ.

ಗುಡಿಸುವ ವಾರ

ಈಗ ಪೊರಕೆಯ ವಿಷಯ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಮೂರೂವರೆ ಗಂಟೆ ಮುಂದೆ. ಹಾಸನದಲ್ಲಿ ಬೆಳಿಗ್ಗೆ ಐದೂವರೆಗೆ ಏಳುವ ಯಜಮಾನರಿಗೆ ಸ್ಟುಟ್‌ಗಾರ್ಟಿನಲ್ಲಿ ರಾತ್ರಿ ಎರಡಕ್ಕೇ ಎಚ್ಚರ. ಪೇಪರಿಲ್ಲ, ಹಾಲಿನವನಿಲ್ಲ, ಮಾತಾಡಲು ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಒಂದು ಬುಧವಾರ ಐದು ಗಂಟೆಗೆ ನನಗೆ ಎಚ್ಚರವಾದಾಗ ಹೊರಗಿನಿಂದ ‘ಸರ್, ಸರ್’ ಸದ್ದು. ಬಾಗಿಲು ತೆಗೆದು ನೋಡುತ್ತೇನೆ, ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಪೊರಕೆ ಹಿಡಿದು ವಿಮಾನ ಹತ್ತಲಾರೆನೆಂದವರು ಉದ್ದ ಹಿಡಿಕೆಯ ಪೊರಕೆ ಹಿಡಿದು ಮೆಟ್ಟಿಲು ಗುಡಿಸುತ್ತಿದ್ದಾರೆ!

“ಇದೇನ್ರೀ?” ಎಂದೆ.

“ಮೆಲ್ಲಗೆ ಮಾತಾಡು. ಇಲ್ಲಿ ನಮ್ಮೂರೋರು ಯಾರಿದಾರೆ ನೋಡೋಕೆ?” ಎಂದರು.

ಗುರುವಾರವೂ ಗುಡಿಸಿದರು, ಶುಕ್ರವಾರವೂ ಗುಡಿಸಿದರು. ಎರಡನೇ ಮಹಡಿಯಿಂದ ಕೆಳಗಿನ ಬಾಗಿಲವರೆಗೆ ಫಳಫಳ. ಶನಿವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಕೆಳಮನೆಯ ಅಜ್ಜಿ. ಎಂಬತ್ತು ದಾಟಿದವರು, ಒಂದು ಕೈಲಿ ಪೊರಕೆ, ಇನ್ನೊಂದು ಕೈಲಿ ಮೊರ. ಮುಖ ಸಪ್ಪಗಿತ್ತು. ಮಗನ ಹತ್ತಿರ ಏನೋ ಹೇಳಿದರು. ಮಗ ನಗು ತಡೆದುಕೊಂಡು ಅನುವಾದ ಮಾಡಿದ: “ಅಪ್ಪಾ, ಈ ವಾರ ಗುಡಿಸೋ ಪಾಳಿ ಅವರದ್ದಂತೆ. ಗುಡಿಸೋಣ ಅಂತ ಬಂದ್ರೆ ಒಂದು ಚೂರು ಕಸವೂ ಇಲ್ಲ. ‘ನಾನು ಸರಿಯಾಗಿ ಗುಡಿಸಲ್ಲ ಅಂತ ನಿಮ್ಮ ತಂದೆಯವರಿಗೆ ಬೇಸರವಾಗಿದೆಯಾ?’ ಅಂತ ಕೇಳ್ತಿದಾರೆ.”

ಯಜಮಾನರು ಕಕ್ಕಾಬಿಕ್ಕಿ. “ಗುಡಿಸಿಕೊಟ್ರೂ ಬೇಜಾರಾ? ಎಂಥಾ ದೇಶವಪ್ಪಾ!”

ಆಮೇಲೆ ತಿಳಿಯಿತು. ಆ ಸೀಮೆಯಲ್ಲಿ ‘ಕೇರ್‌ವೊಖೆ’ ಎಂಬ ಪದ್ಧತಿಯಿದೆ. ಗುಡಿಸುವ ವಾರ ಎಂದು ಅದರ ಅರ್ಥ. ಒಂದು ಕಟ್ಟಡದ ಮನೆಗಳವರು ಸರದಿಯಂತೆ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು. ಯಾರ ವಾರವೋ ಅವರ ಬಾಗಿಲಿಗೆ ಒಂದು ಪುಟ್ಟ ಬೋರ್ಡು ತೂಗುತ್ತದೆ. ವಾರ ಮುಗಿದ ಮೇಲೆ ಅವರು ಅದನ್ನು ಪಕ್ಕದ ಬಾಗಿಲಿಗೆ ತೂಗುಹಾಕುತ್ತಾರೆ. ಇದರ ಬೇರು ಬಹಳ ಹಳೆಯದು. ಆ ಪ್ರಾಂತ್ಯವನ್ನಾಳುತ್ತಿದ್ದ ಎಬರ್‌ಹಾರ್ಟ್ ಎಂಬ ಪ್ರಭುವಿನ ಕಾಲದಲ್ಲಿ, 1492ರಲ್ಲಿ, ಊರು ಚೊಕ್ಕಟವಾಗಿರಲು ಪ್ರತಿಯೊಬ್ಬರೂ ವಾರಕ್ಕೊಮ್ಮೆ ತಮ್ಮ ತಿಪ್ಪೆಯನ್ನು ಊರಾಚೆ ಸಾಗಿಸಬೇಕೆಂದು ಸ್ಟುಟ್‌ಗಾರ್ಟಿನಲ್ಲಿ ಕಟ್ಟಳೆಯಾಯಿತಂತೆ. ಕೊಲಂಬಸ್ ಹಡಗು ಹತ್ತಿದ್ದೂ ಅದೇ ವರ್ಷ. ನಮ್ಮಲ್ಲಿ ಆಗ ವಿಜಯನಗರದ ಆಳ್ವಿಕೆ.

ನಮ್ಮ ಕಡೆಯೂ ಪಾಳಿ ಗೊತ್ತಿಲ್ಲದ್ದಲ್ಲ. ನಾಲೆಯ ನೀರಿಗೆ ಪಾಳಿ ಉಂಟು, ದೇವಸ್ಥಾನದ ಪೂಜೆಗೆ ಪಾಳಿ ಉಂಟು. ಪಕ್ಕದ ಗದ್ದೆಯವನ ನೀರಿನ ಪಾಳಿಯಲ್ಲಿ ನಾವು ತೂಬು ಎತ್ತಿದರೆ ಜಗಳವೇ ಆಗುತ್ತದೆ. ಆ ಅಜ್ಜಿಗೆ ಗುಡಿಸುವ ಪಾಳಿಯೂ ಹಾಗೆಯೇ, ಅದು ಅವರ ಮರ್ಯಾದೆ. ಸಂಜೆ ಒಂದು ಡಬ್ಬಿ ಕೋಡುಬಳೆ ಹಿಡಿದು ಯಜಮಾನರು ಕೆಳಗೆ ಹೋದರು. ಅಜ್ಜಿ ಕೋಡುಬಳೆ ಕಡಿದು, ನೀರು ಕುಡಿದು, ಮತ್ತೊಂದು ಕಡಿದರು. ಆಮೇಲೆ ಯಜಮಾನರನ್ನು ಮೆಟ್ಟಿಲ ಹತ್ತಿರ ಕರೆದೊಯ್ದು, ಕನ್ನಡಕ ಸರಿಮಾಡಿಕೊಂಡು, ಒಂದೊಂದು ಮೂಲೆಯನ್ನೂ ಬೆರಳು ಮಾಡಿ ತೋರಿಸಿದರು. ಮೂಲೆಯಲ್ಲಿ ಧೂಳು ಉಳಿದಿತ್ತು. ನಲವತ್ತೈದು ವರ್ಷದಲ್ಲಿ ಅವರ ಕೆಲಸದಲ್ಲಿ ಹೀಗೆ ಹುಳುಕು ಹಿಡಿದವರು ನಾನು ಕಂಡ ಹಾಗೆ ಜಿಲ್ಲಾಧಿಕಾರಿಗಳನ್ನು ಬಿಟ್ಟರೆ ಅವರೊಬ್ಬರೇ.

ಮೊಮ್ಮಗನ ಲೆಕ್ಕ

ಮುಂದಿನ ವಾರ ಬೋರ್ಡು ನಮ್ಮ ಬಾಗಿಲಿಗೆ ಬಂತು. ಮೊಮ್ಮಗ ಅದನ್ನು ತೂಗುಹಾಕುತ್ತ ತಾತನನ್ನು ಕೇಳಿದ:

“ತಾತಾ, ಹಾಸನದ ಮನೇಲಿ ಬೋರ್ಡು ಯಾರ ಬಾಗಿಲಿಗೆ ಇರುತ್ತೆ?”

“ಅಲ್ಲಿ ಬೋರ್ಡೇ ಇಲ್ಲ ಕಣೋ. ನಿಮ್ಮಜ್ಜಿ ಗುಡಿಸ್ತಾಳೆ.”

“ಅಂದ್ರೆ ಅಜ್ಜಿ ಬಾಗಿಲಿಗೆ. ಮತ್ತೆ ಯಾವಾಗ ನಿಮ್ಮ ಬಾಗಿಲಿಗೆ ಬರುತ್ತೆ?”

ತಾತ ಕೆಮ್ಮಿದರು. ಮೊಮ್ಮಗ ಬಿಡುವವನಲ್ಲ. ಪೆನ್ಸಿಲ್ ತಂದ. “ಮದುವೆಯಾಗಿ ಎಷ್ಟು ವರ್ಷ ಆಯ್ತು?” ನಲವತ್ತೈದು. “ವರ್ಷಕ್ಕೆ ಐವತ್ತೆರಡು ವಾರ. ನಲವತ್ತೈದು ಇಂಟು ಐವತ್ತೆರಡು... ಎರಡು ಸಾವಿರದ ಮುನ್ನೂರ ನಲವತ್ತು! ತಾತಾ, ಅಜ್ಜಿದು 2340 ವಾರ, ನಿಮ್ಮದು ಸೊನ್ನೆ. ನಾಳೆಯಿಂದ ನಿಮ್ಮ ಪಾಳಿ ಶುರುವಾದ್ರೆ ಸಮ ಆಗೋಕೆ ನೀವು ಇನ್ನೂ ನಲವತ್ತೈದು ವರ್ಷ ಗುಡಿಸ್ಬೇಕು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಸಾಯೋಕೂ ಪುರುಸೊತ್ತಿಲ್ಲ ಅಂದಂಗಾಯ್ತು” ಎಂದು ಯಜಮಾನರೂ ನಕ್ಕರು. ಆದರೆ ಆ ರಾತ್ರಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ನಮ್ಮವ್ವ ಗಂಡಸು ಪೊರಕೆ ಮುಟ್ಟಿದ್ರೆ ಮನೆಗೆ ಏಳಿಗೆಯಿಲ್ಲ ಅಂತಿದ್ಲು. ಅವಳ ಬಾಗಿಲ ಬೋರ್ಡೂ ಯಾರೂ ತೆಗೀಲಿಲ್ಲ ನೋಡು” ಎಂದರು.

ಇದು ನಮ್ಮೊಬ್ಬರ ಮನೆಯ ಲೆಕ್ಕವಲ್ಲ. 2019ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ ನಮ್ಮ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಆರು ವರ್ಷ ತುಂಬಿದವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ, ಸಂಬಳವಿಲ್ಲದ ಮನೆಗೆಲಸ ಮಾಡುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಐದು ಗಂಟೆಗೆ ಒಂದೇ ನಿಮಿಷ ಕಮ್ಮಿ. ಆ ಒಂದು ನಿಮಿಷ ಪ್ರಾಯಶಃ ಆರಿದ ಕಾಫಿ ಕುಡಿಯಲು ಬಿಟ್ಟಿರಬೇಕು.

ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರುಂಟು. ಮಗನ ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರವಿದೆ. ಅಂಥ ಯಂತ್ರಕ್ಕೆ 1886ರಲ್ಲಿ ಪೇಟೆಂಟ್ ಪಡೆದು, 1893ರ ಷಿಕಾಗೋ ಜಾಗತಿಕ ಮೇಳದಲ್ಲಿ ತೋರಿಸಿದವರು ಜೋಸೆಫಿನ್ ಕಾಕ್ರೇನ್ ಎಂಬ ಅಮೆರಿಕದ ಹೆಣ್ಣುಮಗಳು. ಅವರ ಪಿಂಗಾಣಿ ತಟ್ಟೆಗಳ ಅಂಚು ತೊಳೆಯುವಾಗ ಮುರಿಯುತ್ತಿತ್ತಂತೆ. ಒಳ್ಳೆಯ ಯಂತ್ರವೇ. ಆದರೆ ಮುದ್ದೆ ತೊಳಸಿದ ಪಾತ್ರೆಯನ್ನು ಅದರ ಹೊಟ್ಟೆಗಿಟ್ಟರೆ ಎರಡು ಗಂಟೆ ಗುರುಗುಟ್ಟಿ, ತಳಕ್ಕೆ ಹತ್ತಿದ ರಾಗಿಯನ್ನು ಹಾಗೆಯೇ ಬಿಸಿಬಿಸಿಯಾಗಿ ವಾಪಸ್ಸು ಕೊಡುತ್ತದೆ. ಅದನ್ನು ಉಜ್ಜಲು ಕೈಯೇ ಬೇಕು. ಯಾರ ಕೈ ಎನ್ನುವುದೇ ಪ್ರಶ್ನೆ.

ಹಾಸನದ ಬೀದಿಯಲ್ಲಿ

ತೊಂಬತ್ತು ದಿನ ಮುಗಿದು ಹೊರಡುವಾಗ ಮೊಮ್ಮಗ ಒಂದು ರಟ್ಟಿನ ಬೋರ್ಡು ಕೊಟ್ಟ. ಬಣ್ಣದ ಪೆನ್ಸಿಲ್ಲಿನಲ್ಲಿ ಕನ್ನಡ ಅಕ್ಷರ: ‘ಈ ವಾರ ಗುಡಿಸುವ ಪಾಳಿ’. ಕೆಳಗೊಂದು ಪೊರಕೆಯ ಚಿತ್ರ. ‘ಪಾಳಿ’ಯ ಳಕಾರ ಸ್ವಲ್ಪ ಸೊಟ್ಟಗಿತ್ತು. ಕನ್ನಡ ಶಾಲೆಯಿಲ್ಲದ ಊರಲ್ಲಿ ಅಷ್ಟು ಬರೆದದ್ದೇ ನನಗೆ ಹಬ್ಬ.

ಸ್ಟುಟ್‌ಗಾರ್ಟಿನಲ್ಲಿ ಗುಡಿಸುವುದು ಸುಲಭ. ಅಲ್ಲಿ ನಮ್ಮವರಿಲ್ಲ. ಹಾಸನದ ನಮ್ಮ ಬೀದಿಯಲ್ಲಿ ಎದುರುಮನೆ ಕಿಟಕಿಗೂ ಕಣ್ಣಿದೆ. ಮೊದಲೆರಡು ದಿನ ಯಜಮಾನರು ಕತ್ತಲಿರುವಾಗಲೇ ಎದ್ದು, ನಾದಿನಿ ಕೊಟ್ಟ ಪೊರಕೆಯನ್ನು ಅಟ್ಟದಿಂದ ಇಳಿಸಿ, ಕಳ್ಳನ ಹಾಗೆ ಗುಡಿಸಿ ಒಳಗೆ ಬಂದರು. ಮೂರನೇ ದಿನ ಬೆಳಕು ಹರಿದಿತ್ತು. ವಾಕಿಂಗ್ ಹೊರಟ ನೆರೆಯವರು ಗಕ್ಕನೆ ನಿಂತು, “ಏನ್ ಸಾರ್, ಅಮ್ಮಾವ್ರಿಗೆ ಹುಷಾರಿಲ್ವಾ?” ಎಂದರು.

ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಕಿವಿಯೆಲ್ಲ ಹೊರಗೆ. ಈಗ ಪೊರಕೆ ಕೆಳಗಿಡುತ್ತಾರೋ ಏನೋ ಎಂದು ಎದೆ ಡವಡವ. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಯಜಮಾನರ ದನಿ ಕೇಳಿತು: “ಚೆನ್ನಾಗಿದಾಳೆ. ಈ ವಾರ ನಂದು ಪಾಳಿ.” ಮತ್ತೆ ‘ಸರ್, ಸರ್’ ಶುರುವಾಯಿತು. ರಂಗೋಲಿಯನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟಿಲ್ಲ. ಒಮ್ಮೆ ನಾಲ್ಕು ಗೆರೆ ಎಳೆದಿದ್ದರು. ಸರ್ವೆ ನಕ್ಷೆಯ ಹಾಗಿತ್ತು.

ಮನೆಗೆಲಸಕ್ಕೆ ಬರುವ ನಮ್ಮ ಮನೆಯಾಕೆ ಬೋರ್ಡನ್ನು ದಿನಾ ನೋಡುತ್ತಿದ್ದಳು. ಒಂದು ದಿನ ಓದಿಸಿಕೊಂಡಳು. ಕೇಳಿ ನಕ್ಕವಳು ಹೋಗುವಾಗ ಬಾಗಿಲಲ್ಲಿ ನಿಂತು, “ಅವ್ವಾ, ಇದ್ರಾಗೆ ನಂಗೆ ರಜಾ ಇರೋ ವಾರ ಎಲ್ಲೈತೆ?” ಎಂದಳು. ತಮಾಷೆಗೆಂದೇ ಕೇಳಿದಳು. ಆದರೆ ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಈಗ ಭಾನುವಾರ ಅವಳಿಗೆ ರಜಾ, ಸಂಬಳ ಹಿಡಿಯುವುದಿಲ್ಲ. ಭಾನುವಾರದ ಪಾತ್ರೆ ಯಜಮಾನರದ್ದು, ಒರೆಸಿ ಜೋಡಿಸುವುದು ನನ್ನದು. ಅವರಿಗೆ ತೊಳೆಯಲು ಒಂದು ಗಂಟೆ ಬೇಕು. ಮೂಲೆ ಮೂಲೆ ನೋಡುತ್ತಾರೆ. ಕೆಳಮನೆಯ ಅಜ್ಜಿಯ ಶಿಷ್ಯರಲ್ಲವೇ!

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ. ನಿಮ್ಮ ಮನೆಯಲ್ಲಿ ಗುಡಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು, ಎಷ್ಟು ವರ್ಷದಿಂದ ಎಂದು ಕೇಳಿ. ಅದನ್ನು ಐವತ್ತೆರಡರಿಂದ ಗುಣಿಸಿ. ಉತ್ತರವನ್ನು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ. ಅಜ್ಜಂದಿರು ಕೆಮ್ಮಿದರೆ ಒಂದು ಲೋಟ ನೀರು ಕೊಡಿ. ಬೋರ್ಡು ಮಾಡಲು ಹಳೆಯ ನೋಟ್‌ಬುಕ್ಕಿನ ರಟ್ಟು ಸಾಕು. ಮೊದಲನೇ ವಾರ ಅದು ನಿಮ್ಮ ಬಾಗಿಲಿಗೇ ತೂಗಲಿ.